ಮಲೆನಾಡಿನ ಸಣ್ಣ ಪಟ್ಟಣದ ಕೊಳಚೆ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆ ಮತ್ತು ಅದರ ಸುತ್ತಲಿನ ಮಲೆನಾಡಿನ ಸಣ್ಣ ಊರುಗಳಲ್ಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್, ಶುದ್ಧೀಕರಣ ಘಟಕ ಎಂಬ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವುಗಳಿಗೆ ಬಯಲುಸೀಮೆಯ ಊರನ್ನು ಮನಸ್ಸಿನಲ್ಲಿಟ್ಟು ಕೊಟ್ಟ ಉತ್ತರಗಳು ನಮಗೆ ಪೂರ್ತಿಯಾಗಿ ಹೊಂದುವುದಿಲ್ಲ. ನಮ್ಮ ಮಳೆ ಬೇರೆ, ಮಣ್ಣು ಬೇರೆ, ಗುಡ್ಡ ತಗ್ಗುಗಳ ಲೆಕ್ಕವೂ ಬೇರೆ. ಆದ್ದರಿಂದ ಇಲ್ಲಿನ ಉತ್ತರಗಳನ್ನು ನಮ್ಮ ಊರುಗಳನ್ನೇ ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದೇನೆ.

ಕೊಳಚೆ ನೀರು ಎಂದರೆ ಶೌಚದ ನೀರು ಮಾತ್ರವೇ? ಬಚ್ಚಲು ನೀರೂ ಸೇರುತ್ತದೆಯೇ?

ಸೇರುತ್ತದೆ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಕಲ್ಲು, ಶೌಚಾಲಯ, ಹೀಗೆ ಮನೆಯಲ್ಲಿ ಬಳಸಿ ಬಿಟ್ಟ ಎಲ್ಲ ನೀರೂ ಕೊಳಚೆ ನೀರೇ. ತೂಕದ ಲೆಕ್ಕದಲ್ಲಿ ಅದರ ನೂರಕ್ಕೆ 99.9 ಭಾಗ ಬರಿಯ ನೀರು; ನಾವು ಶುದ್ಧೀಕರಿಸಲು ಹೆಣಗುವುದು ಉಳಿದ ಸಾವಿರದ ಒಂದು ಭಾಗಕ್ಕಾಗಿ. ಹಿಂದೆ ನಮ್ಮ ಮನೆಗಳಲ್ಲಿ ಬಚ್ಚಲು ನೀರು ಹಿತ್ತಿಲ ಬಾಳೆಯ ಬುಡಕ್ಕೆ, ಕೆಸುವಿನ ಮಡಿಗೆ ಹೋಗುತ್ತಿತ್ತು. ಹಿತ್ತಿಲು ಇರುವ ಮನೆಯವರು ಇಂದಿಗೂ ಹಾಗೆಯೇ ಮಾಡಿದರೆ ಯಾವ ಘಟಕಕ್ಕೂ ಹೊರೆಯಾಗುವುದಿಲ್ಲ. ತೊಂದರೆ ಶುರುವಾದದ್ದು ನಿವೇಶನಗಳು ಚಿಕ್ಕದಾಗಿ, ಹಿತ್ತಿಲು ಮಾಯವಾಗಿ, ಅದೇ ನೀರು ರಸ್ತೆ ಬದಿಯ ತೆರೆದ ಚರಂಡಿಗೆ ಬಿದ್ದಾಗ.

ನಮ್ಮಂಥ ಸಣ್ಣ ಊರಿನಿಂದ ಎಷ್ಟು ನೀರು ಬರಲು ಸಾಧ್ಯ?

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂದೂ, ಅದರಲ್ಲಿ ನೂರಕ್ಕೆ 80ರಷ್ಟು ಕೊಳಚೆ ನೀರಾಗಿ ಹಿಂತಿರುಗುತ್ತದೆಂದೂ ಲೆಕ್ಕ ಹಿಡಿಯುವುದು ವಾಡಿಕೆ. ಅಂದರೆ ತಲೆಗೆ 108 ಲೀಟರ್. ಹದಿನೈದು ಸಾವಿರ ಜನರ ಪಟ್ಟಣವಾದರೆ ದಿನಕ್ಕೆ 16 ಲಕ್ಷದ 20 ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್‌ಗಳಲ್ಲಿ ತುಂಬಿಸಿದರೆ ಮುನ್ನೂರಕ್ಕಿಂತ ಹೆಚ್ಚು ಟ್ಯಾಂಕರ್‌ಗಳು ಬೇಕು, ಅದೂ ಪ್ರತಿದಿನ. ಈ ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮಳೆಯ ಪ್ರಶ್ನೆ ಬಂದಾಗ ಮತ್ತೆ ಬೇಕಾಗುತ್ತದೆ.

ಹೊಳೆ ತುಂಬಿ ಹರಿಯುತ್ತದೆಯಲ್ಲ, ಅದರಲ್ಲಿ ಬಿಟ್ಟರೆ ತಾನಾಗಿಯೇ ಶುದ್ಧವಾಗುವುದಿಲ್ಲವೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ. ಹೊಳೆಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಸಿರಾಡುತ್ತಾ ಸೂಕ್ಷ್ಮಜೀವಿಗಳು ಕೊಳಕನ್ನು ತಿಂದು ಮುಗಿಸುತ್ತವೆ. ನಮ್ಮ ಹವೆಯಲ್ಲಿ ಚೊಕ್ಕಟವಾದ ಒಂದು ಲೀಟರ್ ಹೊಳೆ ನೀರಿನಲ್ಲಿ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಒಂದು ಲೀಟರ್ ಕೊಳಚೆ ನೀರಿನಲ್ಲಿರುವ ಕೊಳಕನ್ನು ಅರಗಿಸಲು ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬೇಕು. ಈ ಅಳತೆಯನ್ನೇ ಬಿಒಡಿ ಎನ್ನುತ್ತಾರೆ. ಎಂಟನ್ನೂ ಇನ್ನೂರನ್ನೂ ಎದುರುಬದುರು ಇಟ್ಟು ನೋಡಿದರೆ, ಒಂದು ಪಾಲು ಕೊಳಚೆಯನ್ನು ಜೀರ್ಣಿಸಿಕೊಳ್ಳಲು ಎಷ್ಟು ಪಾಲು ಹೊಳೆ ಬೇಕೆಂಬುದು ತಿಳಿಯುತ್ತದೆ. ಆಷಾಢದಲ್ಲಿ ಕೆಂಪಾಗಿ ಉಕ್ಕುವ ತುಂಗೆಗೆ ಅದು ಭಾರವೆನಿಸದು. ಅದೇ ತುಂಗೆ ಏಪ್ರಿಲ್ ಮೇ ತಿಂಗಳಲ್ಲಿ ಬಂಡೆಗಳ ನಡುವೆ ಸೀಳಿಕೊಂಡು ಹರಿಯುವಾಗ, ಊರಿನ ಕೊಳಚೆ ಮಾತ್ರ ಮಳೆಗಾಲದಲ್ಲಿ ಇದ್ದಷ್ಟೇ ಬರುತ್ತಿರುತ್ತದೆ.

ಇನ್ನೊಂದು ಸಂಗತಿಯೂ ಇದೆ. ಹೊಳೆ ನಮ್ಮ ಊರಿನಲ್ಲಿ ಮುಗಿಯುವುದಿಲ್ಲ. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು, ಗಾಜನೂರಿನ ಅಣೆಕಟ್ಟು ದಾಟಿ, ಶಿವಮೊಗ್ಗಕ್ಕೆ ನೀರುಣಿಸಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡುತ್ತಾಳೆ. ಮೇಲಿನ ಊರಿನವರ ಚರಂಡಿಯ ಬಾಯಿ ಕೆಳಗಿನ ಊರಿನವರ ಕುಡಿಯುವ ನೀರಿನ ಬಾಯಿಗೆ ಸೇರುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೆಮ್ಮೆಯಿಂದ ಹೇಳುವ ನಾವು, ಆ ಪಾನ ಮಾಡುವವರು ಕೆಳದಂಡೆಯಲ್ಲಿದ್ದಾರೆಂಬುದನ್ನು ಮರೆಯಬಾರದು. ಎಳ್ಳಮಾವಾಸ್ಯೆಯಂದು ತೀರ್ಥಹಳ್ಳಿಯ ರಾಮತೀರ್ಥದಲ್ಲಿ ಸಾವಿರಾರು ಜನ ಮುಳುಗಿ ಏಳುತ್ತಾರೆ. ಸ್ನಾನಕ್ಕೆ ತಕ್ಕ ನೀರೆಂದರೆ ಬಿಒಡಿ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆ ಇರಬಾರದು ಎಂಬ ಮಾನದಂಡ ನಮ್ಮ ದೇಶದಲ್ಲಿದೆ. ತುಂಗೆಯ ದಂಡೆಯ ಚಿಬ್ಬಲಗುದ್ದೆಯ, ಶೃಂಗೇರಿಯ ಮೀನುಗಳಿಗೂ ಅದೇ ಆಮ್ಲಜನಕ ಬೇಕು. ಅವು ದೂರು ಕೊಡಲಾರವು, ಅಷ್ಟೆ.

ಮನೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಇದೆ. ಅಷ್ಟು ಸಾಲದೇ?

ಟ್ಯಾಂಕ್ ಸರಿಯಾಗಿದ್ದರೆ ಅರ್ಧ ಕೆಲಸ ಆದಂತೆ. ಅದರಲ್ಲಿ ಗಟ್ಟಿ ಪದಾರ್ಥ ತಳಕ್ಕೆ ಗಸಿಯಾಗಿ ಇಳಿಯುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ನೀರು ಒಂದೆರಡು ದಿನ ನಿಂತು ಮುಂದಕ್ಕೆ ಹೋಗುತ್ತದೆ. ಆದರೆ ಹಾಗೆ ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ. ಬಿಒಡಿಯೂ ಸುಮಾರು ಅರ್ಧದಷ್ಟು ಉಳಿದಿರುತ್ತದೆ. ಆ ನೀರನ್ನು ಇಂಗುಗುಂಡಿಯ ಮೂಲಕ ಮಣ್ಣಿಗೆ ಬಿಡಬೇಕು, ಮಣ್ಣು ಅದನ್ನು ಸೋಸಬೇಕು. ಇಲ್ಲಿಗೆ ಬಂದಾಗಲೇ ಮಲೆನಾಡಿನ ಮಣ್ಣು ನಮ್ಮನ್ನು ಎಡವಿಸುತ್ತದೆ.

ನಮ್ಮ ಕೆಳಗಿರುವುದು ಜಂಬಿಟ್ಟಿಗೆ. ಮನೆ ಕಟ್ಟಲು ತಂದ ಜಂಬಿಟ್ಟಿಗೆ ಕಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ: ಬೆರಳು ತೂರುವಷ್ಟು ತೂತುಗಳು, ಒಂದರಿಂದ ಇನ್ನೊಂದಕ್ಕೆ ಸುರಂಗ. ಮರಳುಮಣ್ಣಿನಲ್ಲಿ ನೀರು ಕಣಕಣವಾಗಿ ಸೋಸಿ ಇಳಿದರೆ, ಇಲ್ಲಿ ಆ ಸುರಂಗಗಳಲ್ಲಿ ಹಾಗೆಯೇ ಹರಿದು ಹೋಗುತ್ತದೆ. ಜೊತೆಗೆ ಜುಲೈ ಹೊತ್ತಿಗೆ ನಮ್ಮ ಬಾವಿಗಳ ನೀರು ಕೈಗೆಟುಕುವಷ್ಟು ಮೇಲೆ ಬಂದಿರುತ್ತದೆ. ಅಂದರೆ ನೆಲದೊಳಗೆ ಇಂಗುಗುಂಡಿಯೂ ಬಾವಿಯೂ ಒಂದೇ ನೀರಿನಲ್ಲಿ ಮುಳುಗಿರುತ್ತವೆ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಮೂವತ್ತು ನಲವತ್ತು ಅಡಿಯ ನಿವೇಶನಗಳಲ್ಲಿ ನಮ್ಮ ಬಾವಿಯಿಂದ ಅಷ್ಟು ದೂರ ಸರಿದರೆ ಪಕ್ಕದ ಮನೆಯವರ ಬಾವಿಯ ಹತ್ತಿರಕ್ಕೆ ಹೋಗಿರುತ್ತೇವೆ. ಮಳೆಗಾಲದಲ್ಲಿ ಊರಿನಲ್ಲಿ ಕಾಮಾಲೆ, ವಿಷಮಶೀತ ಜ್ವರ, ವಾಂತಿಭೇದಿ ಕಾಣಿಸಿಕೊಂಡಾಗ ಮೊದಲು ಅನುಮಾನಿಸಬೇಕಾದದ್ದು ಈ ನಂಟನ್ನು. ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಮಳೆಗಾಲವಿಡೀ ಕುದಿಸಿಯೇ ಕುಡಿಯಿರಿ.

ಟ್ಯಾಂಕನ್ನು ಎಷ್ಟು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು?

ಎರಡು ಮೂರು ವರ್ಷಕ್ಕೊಮ್ಮೆ, ತುಂಬಿ ಉಕ್ಕಲಿ ಬಿಡಲಿ. ‘ನಮ್ಮ ಟ್ಯಾಂಕ್ ಹದಿನೈದು ವರ್ಷದಿಂದ ತುಂಬಿಯೇ ಇಲ್ಲ’ ಎಂದು ಹಲವರು ಸಮಾಧಾನದಿಂದ ಹೇಳುತ್ತಾರೆ. ತುಂಬದ ಟ್ಯಾಂಕ್ ಎಂದರೆ ಬಹುತೇಕ ತಳವೇ ಇಲ್ಲದ ಟ್ಯಾಂಕ್. ನಾನು ಮನೆ ಕೊಂಡ ಮೇಲೆ ಹನ್ನೊಂದು ವರ್ಷ ನಮ್ಮ ಟ್ಯಾಂಕಿನ ಮುಚ್ಚಳ ತೆಗೆದಿರಲಿಲ್ಲ. ತೆಗೆಸಿದ ದಿನ ಕಂಡದ್ದು ಮೂರು ಕಡೆ ಕಲ್ಲಿನ ಗೋಡೆ, ಕೆಳಗೆ ಬರಿಯ ನೆಲ. ಅಷ್ಟು ವರ್ಷ ಅದು ಎಲ್ಲಿಗೆ ಇಂಗಿತೆಂದು ಯೋಚಿಸಿದಾಗ, ನಮ್ಮ ಮನೆಯ ಕೆಳಪಾತಳಿಯಲ್ಲಿ ಬಾವಿ ಇಟ್ಟುಕೊಂಡಿದ್ದ ನೆರೆಯವರ ಮುಖ ನೋಡಲು ನನಗೆ ಕಷ್ಟವಾಯಿತು.

ಸಕ್ಕಿಂಗ್ ಯಂತ್ರದವರು ತೆಗೆದುಕೊಂಡು ಹೋದದ್ದು ಎಲ್ಲಿಗೆ ಹೋಗುತ್ತದೆ?

ಕೇಳಲೇಬೇಕಾದ ಪ್ರಶ್ನೆ ಇದು, ಮತ್ತು ಯಂತ್ರ ಮನೆ ಮುಂದೆ ನಿಂತಾಗಲೇ ಕೇಳಬೇಕು. ಶುದ್ಧೀಕರಣದ ವ್ಯವಸ್ಥೆ ಇಲ್ಲದ ಕಡೆ ಅದು ಕಾಡಂಚಿನ ಹಳ್ಳಕ್ಕೋ, ಯಾರದೋ ಹಾಳುಬಿದ್ದ ಗದ್ದೆಗೋ ಸೇರುತ್ತದೆ. ಒಂದು ಮನೆಯ ಟ್ಯಾಂಕಿನ ಗಸಿ ಸಾಮಾನ್ಯ ಕೊಳಚೆ ನೀರಿಗಿಂತ ಹತ್ತಾರು ಪಟ್ಟು ಗಾಢವಾಗಿರುವುದರಿಂದ, ಒಂದೇ ಲೋಡು ಬೇಸಿಗೆಯ ಸಣ್ಣ ಹಳ್ಳವೊಂದರ ಮೀನುಗಳನ್ನೆಲ್ಲ ಕೊಲ್ಲಲು ಸಾಕು.

ಇದಕ್ಕೆ ಪರಿಹಾರ ನಮ್ಮ ರಾಜ್ಯದಲ್ಲಿಯೇ ಇದೆ. ಇಡೀ ಪಟ್ಟಣದ ಮಲದ ಗಸಿಗೆಂದೇ ದೇಶದಲ್ಲಿ ಮೊದಲು ಕಟ್ಟಿದ ಶುದ್ಧೀಕರಣ ಘಟಕ 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾಯಿತು. ಗಸಿಯನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಸಿ, ಮರಳಿನ ಹಾಸುಗಳ ಮೇಲೆ ಒಣಗಿಸಿ, ಗೊಬ್ಬರವಾಗಿಸುವ ಸರಳ ಕ್ರಮ ಅದು. ಕೇಂದ್ರ ಸರ್ಕಾರ 2017ರಲ್ಲಿ ಇದಕ್ಕೆಂದೇ ರಾಷ್ಟ್ರೀಯ ನೀತಿಯನ್ನು ತಂದಿತು; 2021ರಲ್ಲಿ ಶುರುವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ಕೊಳಚೆ ನೀರಿನ ಕೆಲಸಕ್ಕೂ ಅನುದಾನದ ದಾರಿ ತೆರೆಯಿತು. ನಮ್ಮಲ್ಲಿ ಒಂದು ಬದಲಾವಣೆ ಮಾತ್ರ ಅತ್ಯಗತ್ಯ: ಒಣಗಿಸುವ ಹಾಸುಗಳಿಗೆ ಬೆಳಕು ಬಿಡುವ ಮಾಡು ಹೊದಿಸಬೇಕು. ಅಡಿಕೆ ಅಂಗಳಕ್ಕೆ ಹಾಳೆ ಹೊದಿಸುವ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ತುರ್ತಾದರೆ ಯಾರನ್ನಾದರೂ ಗುಂಡಿಗೆ ಇಳಿಸಿ ತೆಗೆಸಬಹುದೇ?

ಕೂಡದು. ಯಾವ ತುರ್ತಿನಲ್ಲೂ ಕೂಡದು. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ತುಂಬಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ; ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ವಾಸನೆ ಬರುವುದು ನಿಂತುಹೋಗುತ್ತದೆ, ಇಳಿದವನಿಗೆ ಅಪಾಯ ಕಳೆಯಿತೆಂದು ಅನಿಸುತ್ತದೆ, ಎರಡು ಉಸಿರಿನೊಳಗೆ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಹಾಗೆಯೇ ಸಾಯುತ್ತಾನೆ.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿಯೇ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದ ರಾಜ್ಯ ನಮ್ಮದು. ಈ ಪದ್ಧತಿಯನ್ನು ನಿಷೇಧಿಸುವ 2013ರ ಕೇಂದ್ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೋ ಒಳಚರಂಡಿಗೋ ಇಳಿಸುವುದು ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಮತ್ತು ಇಳಿಸಿದವನು ಗುತ್ತಿಗೆದಾರನೇ ಆಗಬೇಕೆಂದಿಲ್ಲ, ಮನೆಯ ಯಜಮಾನನೂ ಆಗಬಹುದು. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಗುಂಡಿ ಕಟ್ಟಿಕೊಂಡರೆ 14420 ಸಹಾಯವಾಣಿಗೆ ಕರೆ ಮಾಡಿ, ಯಂತ್ರ ಬರುವವರೆಗೆ ಶೌಚಾಲಯ ಬಳಸಬೇಡಿ. ಒಂದು ದಿನದ ಅನಾನುಕೂಲ ಅಷ್ಟೇ ತಾನೇ.

ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ, ನಿಜವಾಗಿ ನಡೆಯುವುದೇನು?

ಹೊಳೆ ಮಾಡುವ ಕೆಲಸವನ್ನೇ ಅದು ಇಕ್ಕಟ್ಟಾದ ಜಾಗದಲ್ಲಿ, ಬೇಗ ಮಾಡುತ್ತದೆ. ಮೊದಲು ಕಬ್ಬಿಣದ ಸರಳುಗಳ ಜಾಲರಿ: ಬಟ್ಟೆ ಚೂರು, ಗುಟ್ಕಾ ಪೊಟ್ಟಣ, ಸ್ಯಾನಿಟರಿ ಪ್ಯಾಡ್, ಕೂದಲ ಉಂಡೆ, ಪೂಜೆಯ ಹೂವು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಮರಳು ಇಳಿಯುವ ತೊಟ್ಟಿ. ಅನಂತರ ಗಾಳಿ ಊದುವ ತೊಟ್ಟಿ. ಇಲ್ಲಿ ಬ್ಲೋವರ್ ಹಗಲಿರುಳು ಗಾಳಿ ನೂಕುತ್ತಿದ್ದರೆ, ಸೂಕ್ಷ್ಮಜೀವಿಗಳು ಗುಂಪುಗೂಡಿ ಕೊಳಕನ್ನು ತಿನ್ನುತ್ತವೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಕಂಡುಕೊಂಡ ಈ ಕ್ರಮವೇ ಇಂದಿನ ಹೆಚ್ಚಿನ ಘಟಕಗಳ ತಳಹದಿ. ಕೊನೆಗೆ ಜೀವಿಗಳನ್ನು ತಿಳಿಗೊಳಿಸುವ ತೊಟ್ಟಿಯಲ್ಲಿ ತಳಕ್ಕಿಳಿಸಿ, ಒಂದು ಪಾಲನ್ನು ಮತ್ತೆ ಗಾಳಿಯ ತೊಟ್ಟಿಗೆ ಕಳಿಸುತ್ತಾರೆ. ಮೇಲಿನ ತಿಳಿ ನೀರಿಗೆ ಕ್ಲೋರಿನ್ ಹಾಕಿ ಹೊರಬಿಡುತ್ತಾರೆ. ದೋಸೆ ಹಿಟ್ಟಿನ ಹುಳಿಯನ್ನು ಸ್ವಲ್ಪ ಉಳಿಸಿ ನಾಳೆಯ ಹಿಟ್ಟಿಗೆ ಬೆರೆಸುವಂತೆಯೇ ಇದು.

ಘಟಕದ ಆರೋಗ್ಯವನ್ನು ನೋಡಬೇಕಾದರೆ ಒಂದು ಲೀಟರಿನ ಗಾಜಿನ ಅಳತೆ ಜಾಡಿ ಸಾಕು. ಗಾಳಿಯ ತೊಟ್ಟಿಯ ನೀರನ್ನು ಅದರಲ್ಲಿ ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಮೊದಲು ಇಡೀ ಜಾಡಿ ರಾಗಿ ಅಂಬಲಿಯ ಬಣ್ಣದಲ್ಲಿರುತ್ತದೆ. ಐದು ನಿಮಿಷದೊಳಗೆ ಮೇಲ್ಭಾಗದಲ್ಲಿ ಒಂದು ಗೆರೆ ಮೂಡುತ್ತದೆ. ಕಂದು ಮೋಡ ನಿಧಾನವಾಗಿ ಕೆಳಗೆ ಕೂರುತ್ತಾ, ಮೇಲಿನ ನೀರು ಹಿಂದಿಟ್ಟ ಕಾಗದದ ಅಕ್ಷರ ಓದುವಷ್ಟು ತಿಳಿಯಾಗುತ್ತದೆ. ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆ ಬಿದ್ದ ತೋಟದ ಮಣ್ಣಿನ ವಾಸನೆ. ಬಣ್ಣ ಕಪ್ಪಾಗಿದ್ದರೆ, ಕೊಳೆತ ವಾಸನೆ ಇದ್ದರೆ, ಮೋಡ ಕೆಳಗೆ ಕೂರದೆ ತೇಲುತ್ತಿದ್ದರೆ, ಜೀವಿಗಳಿಗೆ ಉಸಿರು ಸಾಲುತ್ತಿಲ್ಲವೆಂದೋ ಹೊರಗಿನಿಂದ ಏನೋ ಬಂದು ಕೆಡಿಸಿದೆಯೆಂದೋ ಅರ್ಥ.

ಮಲೆನಾಡಿಗೆ ಯಾವ ಬಗೆಯ ಘಟಕ ಹೊಂದುತ್ತದೆ?

ಗಾಳಿ ಊದುವ ಘಟಕಕ್ಕೆ ಬಿಡುವಿಲ್ಲದ ವಿದ್ಯುತ್ ಬೇಕು. ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕರೆಂಟಿಲ್ಲದ ಜುಲೈ ತಿಂಗಳು ನಮಗೆಲ್ಲ ಗೊತ್ತು. ಜನರೇಟರಿಗೆ ಡೀಸೆಲ್ ಹಾಕಲು ಹಣ ಮೀಸಲಿಡದ ಘಟಕ ಆ ದಿನಗಳಲ್ಲಿ ಬರಿಯ ತೊಟ್ಟಿ. ವಿದ್ಯುತ್ ಬೇಡದ ದೊಡ್ಡ ಕೊಳಗಳ ಪದ್ಧತಿ ಬಯಲುಸೀಮೆಗೆ ಒಳ್ಳೆಯದು, ಏಕೆಂದರೆ ಅಲ್ಲಿ ಬಿಸಿಲಿನಿಂದ ಬೆಳೆಯುವ ಪಾಚಿ ಆಮ್ಲಜನಕ ಒದಗಿಸುತ್ತದೆ. ಅದಕ್ಕೆ ಬೇಕಾದ ವಿಶಾಲವಾದ ಸಮತಟ್ಟು ಜಾಗವಾಗಲಿ, ಮೂರು ತಿಂಗಳ ಮೋಡದ ನಡುವೆ ಬಿಸಿಲಾಗಲಿ ನಮ್ಮಲ್ಲಿ ಸಿಗುವುದಿಲ್ಲ.

ನನ್ನ ಅಭಿಪ್ರಾಯ ಇದು: ಊರಿಗೆ ಒಂದೇ ದೊಡ್ಡ ಘಟಕದ ಬದಲು, ಗುಡ್ಡದ ಇಳಿಜಾರನ್ನೇ ನೆಚ್ಚಿಕೊಂಡ ಮೂರು ನಾಲ್ಕು ಸಣ್ಣ ಘಟಕಗಳು ನಮಗೆ ಮೇಲು. ತಡೆಗೋಡೆಗಳಿರುವ ಗಾಳಿಯಿಲ್ಲದ ತೊಟ್ಟಿಗಳಲ್ಲಿ ನೀರು ಮೇಲೆ ಕೆಳಗೆ ಹತ್ತಿಳಿದು, ಅನಂತರ ಕಾಬಾಳೆ ಮತ್ತು ಜೊಂಡು ನೆಟ್ಟ ಜಲ್ಲಿಯ ಹಾಸಿನಲ್ಲಿ ಸೋಸಿ ಬರುವ ಕ್ರಮಕ್ಕೆ ಯಂತ್ರ ಬೇಡ. ದೊಡ್ಡ ಘಟಕವೆಂದರೆ ಊರಿನ ಅತಿ ತಗ್ಗಿನಲ್ಲಿ, ಅಂದರೆ ಹೊಳೆಯ ದಂಡೆಯಲ್ಲಿಯೇ ಕಟ್ಟಬೇಕಾಗುತ್ತದೆ. ಅಲ್ಲಿಗೆ ತಲುಪದ ಬಡಾವಣೆಗಳಿಗೆ ವೆಟ್‌ವೆಲ್ (ಕೊಳಚೆ ನೀರನ್ನು ಕೂಡಿಸುವ ಬಾವಿ) ಮತ್ತು ಪಂಪು ಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ಕಂಡವರು ದಂಡೆಯ ಮೇಲಿನ ಘಟಕದ ಬಗ್ಗೆ ಎರಡು ಸಲ ಯೋಚಿಸಬೇಕು.

ಮಳೆ ಬಂದರೆ ಮ್ಯಾನ್‌ಹೋಲ್‌ಗಳು ಉಕ್ಕುವುದೇಕೆ?

ಒಳಚರಂಡಿಯ ಕೊಳವೆ ಮಳೆನೀರಿಗೆಂದು ಹಾಕಿದ್ದಲ್ಲ, ಆದರೂ ನಾವು ಮಳೆನೀರನ್ನು ಅದಕ್ಕೇ ಬಿಡುತ್ತಿದ್ದೇವೆ. ಲೆಕ್ಕ ನೋಡಿ. ಹನ್ನೊಂದು ಚದರದ (1,100 ಚದರ ಅಡಿ) ಮನೆಯ ಮಾಡೆಂದರೆ ಸುಮಾರು ನೂರು ಚದರ ಮೀಟರ್. ದಿನಕ್ಕೆ ನೂರು ಮಿಲಿಮೀಟರ್ ಮಳೆ ನಮ್ಮಲ್ಲಿ ಅಪರೂಪವಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯಲ್ಲಂತೂ ಅದು ಮಾಮೂಲು. ಆ ಒಂದು ಮಾಡಿನಿಂದ ಆ ದಿನ ಇಳಿಯುವ ನೀರು 10,000 ಲೀಟರ್. ಅದೇ ಮನೆಯ ಐದು ಜನರ ಕೊಳಚೆ ನೀರು 540 ಲೀಟರ್. ಮಾಡಿನ ಪೈಪನ್ನು ಯುಜಿಡಿಗೆ, ಅಂದರೆ ಒಳಚರಂಡಿಗೆ, ಸೇರಿಸಿದ ಒಂದು ಮನೆ, ಆ ದಿನ ಹದಿನೆಂಟು ಮನೆಗಳ ಪಾಲಿನ ನೀರನ್ನು ಕೊಳವೆಗೆ ತುಂಬುತ್ತದೆ. ಮೇಲೆ ಹೇಳಿದ ಹದಿನೈದು ಸಾವಿರ ಜನರ ಪಟ್ಟಣದಲ್ಲಿ ಇಂಥ ನೂರ ಅರವತ್ತು ಮನೆಗಳಿದ್ದರೆ ಸಾಕು, ಇಡೀ ಊರಿನ ಕೊಳಚೆಯಷ್ಟೇ ಮಳೆನೀರು ಅದರ ಜೊತೆ ಸೇರುತ್ತದೆ, ಅದೂ ದಿನವಿಡೀ ಹಂಚಿಕೊಂಡು ಬರದೆ ಎರಡು ಮೂರು ಗಂಟೆಯ ಹೊಡೆತದಲ್ಲಿ.

ಪರಿಣಾಮ ಎರಡು ಬಗೆಯದು. ಕೊಳವೆ ತುಂಬಿ ತಗ್ಗಿನ ಮ್ಯಾನ್‌ಹೋಲ್ ಉಕ್ಕುತ್ತದೆ. ಮಾಡು ಸೇರಿಸಿದವರು ಮೇಲಿನ ಬೀದಿಯವರು, ಮನೆಯೊಳಗೆ ಮಲ ಹೊಕ್ಕುವುದು ಕೆಳಗಿನ ಬೀದಿಯವರಿಗೆ. ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ. ಆ ರಭಸಕ್ಕೆ ಘಟಕದೊಳಗಿನ ಸೂಕ್ಷ್ಮಜೀವಿಗಳ ಮುದ್ದೆಯೇ ಕೊಚ್ಚಿಹೋಗಿ ಹೊಳೆಗೆ ಬೀಳುತ್ತದೆ, ಮತ್ತೆ ಅಷ್ಟು ಬೆಳೆಯಲು ವಾರಗಳು ಬೇಕು, ಅಷ್ಟರಲ್ಲಿ ಮುಂದಿನ ಮಳೆ ಬಂದಿರುತ್ತದೆ. ನಮ್ಮ ಬೀದಿಯಲ್ಲಿ ಕೊಳವೆ ಹಾಕಿದ ಗುತ್ತಿಗೆದಾರರು ಮನೆಗಳ ಬಚ್ಚಲು ಸಂಪರ್ಕ ಕೊಡುವಾಗ, ಅಂಗಳದಲ್ಲಿ ಸಿಕ್ಕ ಪೈಪುಗಳನ್ನೆಲ್ಲ ಒಂದೇ ಚೇಂಬರಿಗೆ ಜೋಡಿಸಿ ಹೋದರು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ರಸ್ತೆಯಲ್ಲಿ ನೀರು ನಿಂತಾಗ ಹಾರೆ ಹಾಕಿ ಮ್ಯಾನ್‌ಹೋಲಿನ ಮುಚ್ಚಳ ಎತ್ತಿ ನೀರು ಬಿಡುವುದನ್ನಂತೂ ಪ್ರತಿವರ್ಷ ನೋಡುತ್ತೇವೆ. ಎಷ್ಟೇ ಹಣ ಸುರಿದು ಕಟ್ಟಿದ ಘಟಕವಾದರೂ ಮಳೆನೀರು ಮತ್ತು ಕೊಳಚೆ ನೀರು ಬೇರೆ ಬೇರೆ ಹರಿಯದ ಊರಿನಲ್ಲಿ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಸರಿಗೆ ಮಾತ್ರ ಇರುತ್ತದೆ. ಈ ಪುಟದಲ್ಲಿ ಒಂದನ್ನೇ ಓದುವುದಾದರೆ ಈ ಉತ್ತರವನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ.

ಅಡಿಕೆ ಬೇಯಿಸಿದ ಚೊಗರನ್ನು ಚರಂಡಿಗೆ ಬಿಡಬಹುದೇ?

ಬಿಡಬೇಡಿ. ಚೊಗರಿನ ಒಗರಿಗೆ ಕಾರಣವಾದ ಟ್ಯಾನಿನ್ ಸೂಕ್ಷ್ಮಜೀವಿಗಳ ಕೆಲಸವನ್ನು ತಡೆಯುತ್ತದೆ, ಅದರ ಕಡುಗೆಂಪು ಬಣ್ಣವೂ ಘಟಕದಲ್ಲಿ ಸುಲಭವಾಗಿ ಹೋಗುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಪಟ್ಟಣದ ಅಂಚಿನ ಹತ್ತಾರು ಮನೆಗಳು ಒಂದೇ ವಾರದಲ್ಲಿ ಹಂಡೆ ಬರಿದು ಮಾಡಿದರೆ ಸಣ್ಣ ಘಟಕ ತತ್ತರಿಸುತ್ತದೆ. ಉಳಿದ ಚೊಗರನ್ನು ಕಾಯಿಸಿ ಗಟ್ಟಿ ಮಾಡಿ ಮಾರುವ, ಮುಂದಿನ ಒಬ್ಬೆಗೆ (ಬೇಯಿಸುವ ಸರದಿಗೆ) ಇಡುವ ರೂಢಿ ಹಿಂದಿನಿಂದ ಇದೆ. ಅದು ಸರಿಯಾದ ದಾರಿ. ಕೊಪ್ಪ, ಶೃಂಗೇರಿ ಕಡೆಯ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ನೀರಿನದು ಇನ್ನೂ ದೊಡ್ಡ ಸಮಸ್ಯೆ. ಅದರ ಬಿಒಡಿ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುವುದರಿಂದ ತೋಟದಲ್ಲಿಯೇ ಪ್ರತ್ಯೇಕವಾಗಿ ಸಂಸ್ಕರಿಸಬೇಕು.

ಸಿಂಕಿನಲ್ಲಿ, ಕಮೋಡಿನಲ್ಲಿ ಏನು ಹಾಕಬಾರದು?

ಕರಿದ ಎಣ್ಣೆ, ಪ್ಯಾಡ್, ಡೈಪರ್, ಔಷಧಿ, ಆಸಿಡ್, ಬಣ್ಣ.

ಘಟಕ ಸರಿಯಾಗಿ ನಡೆಯುತ್ತಿದೆಯೆಂದು ನಾವು ತಿಳಿಯುವುದು ಹೇಗೆ?

1974ರ ಜಲ ಕಾಯ್ದೆಯಡಿ ಘಟಕಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇರಬೇಕು. 2017ರ ಕೇಂದ್ರ ಅಧಿಸೂಚನೆಯಂತೆ ನಮ್ಮಂಥ ಊರಿನ ಘಟಕದಿಂದ ಹೊರಬರುವ ನೀರಿನ ಬಿಒಡಿ 30 ಮಿಲಿಗ್ರಾಂ ಮೀರಬಾರದು, ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೂರು ಮಿಲಿಲೀಟರಿಗೆ ಸಾವಿರಕ್ಕಿಂತ ಕಡಿಮೆ ಇರಬೇಕು. ಪರೀಕ್ಷಾ ವರದಿಯನ್ನು ಪಟ್ಟಣ ಪಂಚಾಯಿತಿಯಲ್ಲಿ ಕೇಳಿ ಪಡೆಯುವುದು ನಿಮ್ಮ ಹಕ್ಕು. ಕೇಳುವಾಗ ಬೇಸಿಗೆಯ ವರದಿಯೊಂದನ್ನೇ ನೋಡಿ ಸುಮ್ಮನಾಗದೆ ಜುಲೈ, ಆಗಸ್ಟ್ ತಿಂಗಳ ವರದಿಯನ್ನೂ ಕೇಳಿ. ವಿದ್ಯುತ್ ಬಿಲ್ಲನ್ನೂ ಕೇಳಿ: ಗಾಳಿ ಊದುವ ಘಟಕದ ಬಿಲ್ಲು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಬ್ಲೋವರ್ ನಿಂತಿರುತ್ತದೆ.

ಶುದ್ಧೀಕರಿಸಿದ ನೀರನ್ನು ತೋಟಕ್ಕೆ ಬಿಡಬಹುದೇ?

ಬೇಸಿಗೆಯಲ್ಲಿ ಅಡಿಕೆ, ತೆಂಗು, ಮೇವಿನ ಹುಲ್ಲಿಗೆ ಬುಡದಲ್ಲಿ ಹಾಯಿಸಬಹುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬೇಡ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಫೆಬ್ರವರಿ ಕಳೆದರೆ ನಮ್ಮ ಹಳ್ಳಗಳೂ ಬತ್ತುತ್ತವೆ, ಆದ್ದರಿಂದ ನಾಲ್ಕು ತಿಂಗಳ ಮಟ್ಟಿಗಾದರೂ ಈ ನೀರಿಗೆ ಇಲ್ಲಿ ಬೆಲೆಯಿದೆ.

ನಮ್ಮ ಮಾಡಿನ ನೀರು ಎಲ್ಲಿಗೆ ಹೋಗುತ್ತಿದೆಯೆಂದು ಪತ್ತೆ ಮಾಡುವುದು ಹೇಗೆ?

ರೋಹಿಣಿ ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಸಾಕು. ಎರಡು ಕೊಡ ನೀರಿಗೆ ಕೆಮ್ಮಣ್ಣು ಕಲಸಿ, ಒಬ್ಬರು ಏಣಿ ಹತ್ತಿ ಮಾಡಿನ ದೋಣಿಗೆ ಸುರಿಯಿರಿ. ಇನ್ನೊಬ್ಬರು ಅಂಗಳದ ಚೇಂಬರಿನ ಮುಚ್ಚಳ ಸರಿಸಿ, ಬಗ್ಗದೆ, ಸ್ವಲ್ಪ ದೂರ ನಿಂತು ನೋಡಿ. ಕೆಂಪು ನೀರು ಅಲ್ಲಿ ಕಾಣಿಸಿಕೊಂಡರೆ ಪ್ಲಂಬರನ್ನು ಕರೆಸಿ ಆ ಜೋಡಣೆಯನ್ನು ಬಿಡಿಸಿ, ಪೈಪಿನ ಬಾಯನ್ನು ಬಾವಿಯ ಪಕ್ಕದಲ್ಲಿ ಮಳೆನೀರಿಗೆಂದೇ ತೋಡಿದ ಇಂಗುಗುಂಡಿಗೋ ರಸ್ತೆ ಬದಿಯ ಮಳೆನೀರಿನ ಚರಂಡಿಗೋ ತಿರುಗಿಸಿ, ಚೇಂಬರಿನಲ್ಲಿ ಉಳಿದ ತೂತನ್ನು ಸಿಮೆಂಟಿನಿಂದ ಮುಚ್ಚಿಸಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಹಿಡಿದದ್ದು ಎರಡು ಗಂಟೆ, ಎರಡು ಮೊಣಕೈ ಪೈಪು ಮತ್ತು ಅರ್ಧ ಬಾಣಲೆ ಸಿಮೆಂಟು.